ಸಿನಿಮಾ ಬರಹದ ತರಬೇತಿಗಳು: ಪಾಸ್ ಸಿಗುತ್ತೆ, ಎಡಿಟರ್ ಸಿಗ್ತಾರಾ?

ಸಿನಿಮಾ ಬಗ್ಗೆ ಬರೆಯುವ ಆಸೆ ಇದೆ. ಮನೆಯಲ್ಲಿ ದುಡ್ಡಿಲ್ಲ, ಪತ್ರಿಕೆ ಆಫೀಸಿನಲ್ಲಿ ಪರಿಚಯದವರಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಇಂಥ ಹುಡುಗ ಹುಡುಗಿಯರು ಆಗಾಗ ಮೆಸೇಜ್ ಮಾಡಿ ಕೇಳುತ್ತಾರೆ, ಆ ಫೆಸ್ಟಿವಲ್‌ನವರ ಮೆಂಟರ್‌ಶಿಪ್‌ಗೆ ಅರ್ಜಿ ಹಾಕಲಾ, ಈ ಕೋರ್ಸಿಗೆ ಸೇರಲಾ, ದುಡ್ಡು ದಂಡ ಆಗಲ್ವಾ ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ನನಗೆ ಗೊತ್ತಿರುವುದನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕುತ್ತಿದ್ದೇನೆ. ಇವುಗಳಲ್ಲಿ ಕೆಲವಕ್ಕೆ ನಾನೇ ಹೋಗಿದ್ದೇನೆ, ಕೆಲವಕ್ಕೆ ನನ್ನ ಜೊತೆ ಬರೆಯುವವರು ಹೋಗಿಬಂದಿದ್ದಾರೆ, ಇನ್ನು ಕೆಲವನ್ನು ದೂರದಿಂದಲೇ ಗಮನಿಸಿಕೊಂಡು ಬಂದಿದ್ದೇನೆ.

ನಾನು ಯಾವ ತರಬೇತಿಯನ್ನಾದರೂ ನೋಡುವಾಗ ಕೇಳುವ ಪ್ರಶ್ನೆ ಮುಖ್ಯವಾಗಿ ಒಂದೇ. ಅಲ್ಲಿ ನಾನು ಬರೆದ ಕಾಪಿಯನ್ನು ಎದುರಿಗಿಟ್ಟುಕೊಂಡು, ಸಾಲು ಸಾಲಾಗಿ, ನನ್ನ ಪಕ್ಕ ಕೂತು ತಿದ್ದುವವರು ಇದ್ದಾರಾ? ಇದ್ದರೆ ಅದು ತರಬೇತಿ. ಇಲ್ಲದಿದ್ದರೆ ಅದು ಸಭೆ, ಅಥವಾ ಪ್ರವಾಸ. ದುಡ್ಡು ಯಾರು ಹಾಕುತ್ತಾರೆ, ಮುಗಿದ ಮೇಲೆ ಬರಹ ಎಲ್ಲಿ ಅಚ್ಚಾಗುತ್ತೆ ಅನ್ನುವುದೂ ಮುಖ್ಯವೇ. ಆದರೆ ಮೊದಲ ಪ್ರಶ್ನೆಗೆ ಉತ್ತರ ಇಲ್ಲ ಅಂತಾದರೆ ಉಳಿದೆರಡನ್ನು ನಾನು ಕೇಳುವುದೇ ಇಲ್ಲ.

ದೊಡ್ಡ ಹೆಸರುಗಳಿಂದಲೇ ಶುರು ಮಾಡೋಣ. 2018ರ ಜೂನ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆನೆನ್‌ಬರ್ಗ್ ತಂಡ ಒಂದು ಲೆಕ್ಕ ಹೊರಗೆ ಹಾಕಿತು. 2017ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ 100 ಸಿನಿಮಾಗಳಿಗೆ ವಿಮರ್ಶೆಗಳನ್ನು ಒಂದೇ ಕಡೆ ಸೇರಿಸುವ ರಾಟನ್ ಟೊಮೇಟೋಸ್ ವೆಬ್‌ಸೈಟ್‌ನಲ್ಲಿ ಬಂದಿದ್ದ 19,559 ವಿಮರ್ಶೆಗಳನ್ನು ತೆಗೆದುಕೊಂಡು, ಬರೆದವರು ಯಾರು ಅಂತ ನೋಡಿದ್ದರು. ಶೇ 77.8 ವಿಮರ್ಶೆಗಳು ಗಂಡಸರವು. ಶೇ 82 ಬಿಳಿಯರವು. ಬಿಳಿಯರಲ್ಲದ ಹೆಂಗಸರ ಪಾಲು ಶೇ 4ರ ಆಸುಪಾಸು. ಅದೇ ತಿಂಗಳು ಲಾಸ್ ಏಂಜಲೀಸ್‌ನಲ್ಲಿ ವಿಮೆನ್ ಇನ್ ಫಿಲ್ಮ್ ಸಮಾರಂಭದಲ್ಲಿ ನಟಿ ಬ್ರೀ ಲಾರ್ಸನ್ ವೇದಿಕೆ ಮೇಲೆ ನಿಂತು ಈ ಅಂಕಿಗಳನ್ನು ಓದಿ, ಅಮೆರಿಕದ ಸನ್‌ಡಾನ್ಸ್ ಮತ್ತು ಕೆನಡಾದ ಟೊರಾಂಟೊ ಚಿತ್ರೋತ್ಸವಗಳು ತಮ್ಮ ಪ್ರೆಸ್ ಪಾಸ್‌ಗಳಲ್ಲಿ ಶೇ 20ರಷ್ಟನ್ನು ಇಲ್ಲಿಯವರೆಗೆ ಅವಕಾಶ ಸಿಗದ ಬರಹಗಾರರಿಗೆ ಮೀಸಲಿಡುತ್ತವೆ ಅಂತ ಪ್ರಕಟಿಸಿದರು. ಎರಡು ತಿಂಗಳಲ್ಲಿ ರಾಟನ್ ಟೊಮೇಟೋಸ್ ಕೂಡ ತನ್ನ ನಿಯಮ ಬದಲಿಸಿತು. ಅಲ್ಲಿಯವರೆಗೆ ದೊಡ್ಡ ಪತ್ರಿಕೆಯಲ್ಲಿದ್ದರೆ ಮಾತ್ರ ವಿಮರ್ಶಕ ಅನ್ನುವಂತಿತ್ತು. ಆಮೇಲೆ ಬಿಡಿಯಾಗಿ ಬರೆಯುವವರನ್ನು, ಪಾಡ್‌ಕಾಸ್ಟ್ ಮಾಡುವವರನ್ನು ಕೂಡ ನೋಡತೊಡಗಿದರು. ಹೊಸಬರು ಚಿತ್ರೋತ್ಸವಗಳಿಗೆ ಹೋಗಿಬರಲಿ ಅಂತ 1,00,000 ಡಾಲರ್ ಬೇರೆ ತೆಗೆದಿಟ್ಟರು.

ಪಾಸ್ ಸಣ್ಣ ವಿಷಯ ಅಂದುಕೊಳ್ಳಬೇಡಿ. ಪಾಸ್ ಇರುವವರು ಬೆಳಗ್ಗೆ ಎಂಟಕ್ಕೇ ಪ್ರೆಸ್ ಶೋ ನೋಡುತ್ತಾರೆ, ಮಧ್ಯಾಹ್ನ ನಿರ್ದೇಶಕರ ಎದುರು ಕೂತು ಮಾತಾಡುತ್ತಾರೆ, ರಾತ್ರಿ ಬರಹ ಕಳಿಸುತ್ತಾರೆ. ಪಾಸ್ ಇಲ್ಲದವರು ಅದೇ ಸಿನಿಮಾ ತಮ್ಮೂರಿಗೆ ಬರುವವರೆಗೆ ಕಾಯಬೇಕು, ಬಂದಾಗ ಅದರ ಬಗ್ಗೆ ಮಾತೆಲ್ಲ ಮುಗಿದಿರುತ್ತೆ. ಅದಕ್ಕೇ ಶೇ 20 ಅನ್ನುವುದು ದೊಡ್ಡ ಹೆಜ್ಜೆ, ನನಗೆ ಅದರಲ್ಲಿ ಯಾವ ಅನುಮಾನವೂ ಇಲ್ಲ. ಸನ್‌ಡಾನ್ಸ್‌ನವರು ಪಾಸ್ ಜೊತೆ ಕೆಲವರಿಗೆ ಪ್ರಯಾಣದ ಖರ್ಚಿಗೂ ಹಣ ಕೊಟ್ಟರು. ಜನವರಿಯ ಹಿಮದಲ್ಲಿ, 2026ರವರೆಗೆ ಈ ಉತ್ಸವ ನಡೆಯುತ್ತಿದ್ದ ಯೂಟಾದ ಪಾರ್ಕ್ ಸಿಟಿಯಂಥ ಸ್ಕೀ ರೆಸಾರ್ಟ್ ಊರಿನಲ್ಲಿ, ರೂಮ್ ಬಾಡಿಗೆ ಕೇಳಿದರೆ ಯಾವ ಫ್ರೀಲಾನ್ಸರ್ ಆದರೂ ವಾಪಸ್ ಹೊರಟುಬಿಡುತ್ತಾರೆ. ಕೋವಿಡ್ ಕಾರಣಕ್ಕೆ 2021 ಮತ್ತು 2022ರಲ್ಲಿ ಉತ್ಸವ ಆನ್‌ಲೈನ್ ಆಯಿತು ನೋಡಿ, ಆಗ ಮನೆಯಿಂದ ಹೊರಬರಲಾಗದ ಅಂಗವಿಕಲ ವಿಮರ್ಶಕರು, ಮಗು ನೋಡಿಕೊಳ್ಳಬೇಕಾದ ತಾಯಂದಿರು, ಕೈಯಲ್ಲಿ ಕಾಸಿಲ್ಲದವರು ಎಲ್ಲರಂತೆ ಅದೇ ದಿನ ಸಿನಿಮಾ ನೋಡಿ ಬರೆಯಲು ಆಯಿತು. ಆ ಬಾಗಿಲನ್ನು ಚಿತ್ರೋತ್ಸವಗಳು ಪೂರ್ತಿ ಮುಚ್ಚಬಾರದು.

ಆದರೆ ನನ್ನ ಮೊದಲ ಪ್ರಶ್ನೆಗೆ ಬನ್ನಿ. ಪಾಸ್ ಸಿಕ್ಕಿತು, ಟಿಕೆಟ್ ಸಿಕ್ಕಿತು, ಅಲ್ಲಿ ಹೋಗಿ ಕೂತಾಯಿತು. ಈಗ ಬರಹವನ್ನು ತೆಗೆದುಕೊಳ್ಳುವವರು ಯಾರು? ಅದನ್ನು ನೀವೇ ಹುಡುಕಿಕೊಳ್ಳಬೇಕು. ಹತ್ತು ಪತ್ರಿಕೆಗೆ ಮೇಲ್ ಮಾಡಬೇಕು, ಒಂಬತ್ತು ಕಡೆಯಿಂದ ಉತ್ತರ ಬರುವುದಿಲ್ಲ. ಬರೆಯುವ ಜಾಗಗಳೂ ಕರಗುತ್ತಿವೆ. ಅಮೆರಿಕದ ಹೆಸರಾಂತ ವಿಮರ್ಶಕ ಜೀನ್ ಸಿಸ್ಕಲ್ ಬರೆಯುತ್ತಿದ್ದ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯೇ 2025ರಲ್ಲಿ ಸಿನಿಮಾ ವಿಮರ್ಶಕರ ಹುದ್ದೆ ತೆಗೆದುಹಾಕಿತು. ಒಂದು ಕಡೆ ಒಳಗೆ ಬನ್ನಿ ಅಂತ ಬಾಗಿಲು ತೆರೆಯುತ್ತಾರೆ, ಇನ್ನೊಂದು ಕಡೆ ಒಳಗಿದ್ದ ಕುರ್ಚಿ ಎತ್ತಿಬಿಡುತ್ತಾರೆ. ಇದು ಚಿತ್ರೋತ್ಸವಗಳ ತಪ್ಪಲ್ಲ, ಆದರೆ ಪಾಸ್ ಕೊಟ್ಟ ಕೂಡಲೇ ಕೆಲಸ ಮುಗಿಯಿತು ಅಂದುಕೊಂಡರೆ ತಪ್ಪು. ಈ ಪಾಸ್ ಯೋಜನೆಗಳಿಗೆ ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು. ನಮ್ಮ ಕಡೆಯವರಿಗೆ ಇನ್ನೂ ಒಂದು ಅಡ್ಡಿ ಇದೆ. ಪತ್ರಕರ್ತರಾಗಿ ಅಮೆರಿಕಕ್ಕೆ ಹೋಗಲು ಪ್ರವಾಸಿ ವೀಸಾ ನಡೆಯುವುದಿಲ್ಲ, 'ಐ' ಅನ್ನುವ ಬೇರೆಯದೇ ವೀಸಾ ಬೇಕು. ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕು, ಬರೀ ಶುಲ್ಕವೇ 185 ಡಾಲರ್. ಅದೂ ತಿರುಗಿ ಬರದ ದುಡ್ಡು.

ಬರ್ಲಿನ್‌ನದು ಬೇರೆ ಕಥೆ, ನನಗೆ ತುಂಬಾ ಇಷ್ಟವಾದ ಮಾದರಿ. ಫೆಬ್ರುವರಿಯಲ್ಲಿ ಅಲ್ಲಿನ ಚಿತ್ರೋತ್ಸವ ಬರ್ಲಿನಾಲೆ ನಡೆಯುವಾಗ ಅದರ ಜೊತೆಗೇ ಬರ್ಲಿನಾಲೆ ಟ್ಯಾಲೆಂಟ್ಸ್ ಅನ್ನುವ ಕಾರ್ಯಕ್ರಮ ಇರುತ್ತೆ, ಅದರೊಳಗೆ ಟ್ಯಾಲೆಂಟ್ ಪ್ರೆಸ್ ಅಂತ ಒಂದು ವಿಭಾಗ. ವಿಮರ್ಶಕರ ಅಂತರರಾಷ್ಟ್ರೀಯ ಒಕ್ಕೂಟ ಫಿಪ್ರೆಸಿ ಮತ್ತು ಗೋಥೆ ಇನ್‌ಸ್ಟಿಟ್ಯೂಟ್ ಕೈಜೋಡಿಸಿ ಬೆಳೆಸಿದ್ದು. ತೆಗೆದುಕೊಳ್ಳುವುದು ಎಂಟು ಜನರನ್ನು. ಎಂಟೇ ಜನ ಅಂದರೆ ಏನಾಗುತ್ತೆ ಅಂದರೆ, ಅಡಗಿಕೊಳ್ಳಲು ಜಾಗ ಇರುವುದಿಲ್ಲ. ಸಿನಿಮಾ ನೋಡಬೇಕು, ಬರೆಯಬೇಕು, ಅನುಭವಿ ವಿಮರ್ಶಕರು ಅದನ್ನು ಓದಿ ನಿಮ್ಮ ಜೊತೆ ಕೂತು ಮಾತಾಡುತ್ತಾರೆ, ತಿದ್ದಿದ್ದು ಉತ್ಸವ ಮುಗಿಯುವುದರೊಳಗೇ ಪ್ರಕಟವಾಗುತ್ತೆ. ನೋಡು, ಬರೆ, ತಿದ್ದಿಸಿಕೋ, ಪ್ರಕಟಿಸು, ಮತ್ತೆ ನೋಡು. ಈ ಚಕ್ರ ಒಂದೇ ವಾರದಲ್ಲಿ ಹಲವು ಸಲ ತಿರುಗುತ್ತೆ. ಕಲಿಯುವುದು ಅಂದರೆ ಇದೇ. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವವೂ 2012ರಿಂದ ಕ್ರಿಟಿಕ್ಸ್ ಅಕಾಡೆಮಿ ಅಂತ ಇದೇ ಬಗೆಯದನ್ನು ನಡೆಸಿಕೊಂಡು ಬಂದಿದೆ.

ಬರ್ಲಿನ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಅಂಕ ಕಡಿಮೆ ಯಾಕೆ ಅಂದರೆ, ಎಲ್ಲವೂ ಇಂಗ್ಲಿಷಿನಲ್ಲಿ. ಅರ್ಜಿ ಇಂಗ್ಲಿಷ್, ಮಾದರಿ ಬರಹ ಇಂಗ್ಲಿಷ್, ಅಲ್ಲಿ ಬರೆಯುವುದೂ ಇಂಗ್ಲಿಷ್. ಕನ್ನಡದಲ್ಲಿ ಐದಾರು ವರ್ಷದಿಂದ ಚೆನ್ನಾಗಿ ಬರೆಯುತ್ತಿರುವವರ ಬರಹವನ್ನು ಅಲ್ಲಿ ಓದುವವರಿಲ್ಲ. ಭಾರತದಿಂದ ಯಾರಾದರೂ ಹೋದರೂ ಅವರು ದೆಹಲಿ, ಮುಂಬೈ, ಬೆಂಗಳೂರಿನ ಒಳ್ಳೆಯ ಕಾಲೇಜಿನವರೇ ಆಗಿರುವ ಸಾಧ್ಯತೆ ಜಾಸ್ತಿ. ಜಗತ್ತಿನ ಎದುರು ಅವರನ್ನು ಅವಕಾಶ ಸಿಗದ ದೇಶದವರು ಅಂತ ಎಣಿಸಬಹುದು, ಸರಿ. ಆದರೆ ನಮ್ಮೂರಿನ ಲೆಕ್ಕ ಬೇರೆ, ಅಲ್ವಾ?

ನಮ್ಮ ಲೆಕ್ಕವನ್ನೂ ಹೇಳಿಬಿಡುತ್ತೇನೆ. 1996ರಲ್ಲಿ ಬಿ.ಎನ್. ಉನಿಯಾಲ್ ಅನ್ನುವ ಹಿರಿಯ ಪತ್ರಕರ್ತರು ಪಯೊನೀರ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ವಾಷಿಂಗ್ಟನ್ ಪೋಸ್ಟ್‌ನ ವರದಿಗಾರರೊಬ್ಬರು ದಲಿತ ಪತ್ರಕರ್ತರೊಬ್ಬರ ಜೊತೆ ಮಾತಾಡಬೇಕು, ಯಾರಾದರೂ ಗೊತ್ತಾ ಅಂತ ಕೇಳಿದ್ದರು. ಉನಿಯಾಲ್ ಸರ್ಕಾರದ ಮಾನ್ಯತೆ ಪಡೆದ ಪತ್ರಕರ್ತರ ಪಟ್ಟಿಯನ್ನೇ ಹಿಡಿದು ಹುಡುಕಿದರು, ಒಬ್ಬರೂ ಸಿಗಲಿಲ್ಲ. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಮತ್ತೆ ನೋಡಿದಾಗ, ಅವರು ಲೆಕ್ಕಕ್ಕೆ ತೆಗೆದುಕೊಂಡ ಸುದ್ದಿಮನೆಗಳ 121 ಉನ್ನತ ಹುದ್ದೆಗಳಲ್ಲಿ 106ರಲ್ಲಿ ಮೇಲ್ಜಾತಿಯವರಿದ್ದರು, ಪರಿಶಿಷ್ಟ ಜಾತಿ ಪಂಗಡದವರು ಸೊನ್ನೆ. ಇದು ಸುದ್ದಿಮನೆಗಳ ಒಟ್ಟಾರೆ ಚಿತ್ರ. ಸಿನಿಮಾ ಪುಟಕ್ಕೆ ಬೇರೆ ಲೆಕ್ಕ ಇದ್ದರೂ ಅದೇನೂ ಚೆನ್ನಾಗಿರುತ್ತೆ ಅಂತ ನನಗನ್ನಿಸುವುದಿಲ್ಲ. ಕನ್ನಡದಲ್ಲಿ ಒಂದು ಒಳ್ಳೆಯ ದಿನ ನೆನಪಾಗುತ್ತೆ. 2012ರ ಏಪ್ರಿಲ್ 14ರಂದು ಅಂಬೇಡ್ಕರ್ ಜಯಂತಿಗೆ ಪ್ರಜಾವಾಣಿ ದೇವನೂರ ಮಹಾದೇವ ಅವರನ್ನು ಅತಿಥಿ ಸಂಪಾದಕರಾಗಿ ಕೂರಿಸಿ ಇಡೀ ಸಂಚಿಕೆಯನ್ನು ಅವರ ಕೈಗೆ ಕೊಟ್ಟಿತು. ಆವತ್ತಿನ ಪೇಪರ್ ಅನ್ನು ಜನ ಎತ್ತಿಟ್ಟುಕೊಂಡರು. ಎಡಿಟರ್ ಕುರ್ಚಿಯಲ್ಲಿ ಕೂತವರು ಬದಲಾದರೆ ಪುಟ ಎಷ್ಟು ಬದಲಾಗುತ್ತೆ ಅಂತ ಕನ್ನಡದ ಓದುಗರಿಗೆ ಕಣ್ಣಾರೆ ಗೊತ್ತು.

ಹೆಂಗಸರ ವಿಷಯವೂ ಹಾಗೇ. ಡಾ. ವಿಜಯಾ ಅವರು ಗಂಡಸರೇ ತುಂಬಿದ್ದ ಸಿನಿಮಾ ಪತ್ರಿಕೋದ್ಯಮಕ್ಕೆ ಬಂದು ನಿಂತದ್ದು ಯಾವ ಮೆಂಟರ್‌ಶಿಪ್‌ನಿಂದಲೂ ಅಲ್ಲ. 2019ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಅವರ ಆತ್ಮಕಥೆಯನ್ನು ಓದಿದವರಿಗೆ ಆ ಹಾದಿ ಎಂಥದ್ದು ಅಂತ ಗೊತ್ತು. ಅವರು ಗೆದ್ದರು ಅಂತ ಇನ್ನೊಬ್ಬಳೂ ಹಾಗೇ ಒಬ್ಬಳೇ ಹೋರಾಡಲಿ ಅನ್ನುವುದು ಸರಿಯಲ್ಲ.

ಈಗ ಪುಣೆ. ಅಲ್ಲಿನ ಸರ್ಕಾರಿ ಸಿನಿಮಾ ಶಾಲೆ ಎಫ್‌ಟಿಐಐ ಮತ್ತು ಹಳೆಯ ಸಿನಿಮಾಗಳನ್ನು ಕಾಪಾಡುವ ಫಿಲ್ಮ್ ಆರ್ಕೈವ್ ಸೇರಿ ನಡೆಸುವ ಫಿಲ್ಮ್ ಅಪ್ರಿಸಿಯೇಶನ್ ಕೋರ್ಸ್ 1970ರ ದಶಕದಿಂದಲೂ ಇದೆ. ಸತೀಶ್ ಬಹಾದುರ್ ಮತ್ತು ಪಿ.ಕೆ. ನಾಯರ್ ಅವರಂಥವರು ಕಟ್ಟಿದ್ದು. ಸಾಮಾನ್ಯವಾಗಿ ಬೇಸಿಗೆಯಲ್ಲಿ, ಕೆಲವು ವಾರ, ಬೆಳಗ್ಗೆಯಿಂದ ರಾತ್ರಿವರೆಗೆ ಸಿನಿಮಾ, ಪಾಠ, ಮತ್ತೆ ಸಿನಿಮಾ. ಕಣ್ಣು ತೆರೆಸುವ ಕೋರ್ಸ್, ಅದರಲ್ಲಿ ಎರಡು ಮಾತಿಲ್ಲ. ಒಂದು ಶಾಟ್ ಯಾಕೆ ಅಷ್ಟು ಹೊತ್ತು ನಿಲ್ಲುತ್ತೆ, ಶಬ್ದ ಎಲ್ಲಿ ಕತ್ತರಿಸಿದೆ, ಕ್ಯಾಮೆರಾ ಯಾರ ಎತ್ತರದಲ್ಲಿದೆ ಅನ್ನುವುದನ್ನು ನೋಡಲು ಕಲಿಸುತ್ತಾರೆ. ಅಲ್ಲಿಂದ ಬಂದವರ ಜೊತೆ ಸಿನಿಮಾ ನೋಡಿದರೆ ಫರಕ್ ಗೊತ್ತಾಗುತ್ತೆ. ಎಫ್‌ಟಿಐಐನವರು 2017ರಿಂದ ಬೇರೆ ಬೇರೆ ಊರುಗಳಲ್ಲೂ ಕಿರು ಕೋರ್ಸ್ ಮಾಡುತ್ತಿದ್ದಾರೆ, ಅದು ಒಳ್ಳೆಯದೇ. ಆದರೆ ಇದು ನೋಡುವುದನ್ನು ಕಲಿಸುವ ಕೋರ್ಸ್, ಬರೆಯುವುದನ್ನಲ್ಲ. ನಿಮ್ಮ ಕಾಪಿ ಯಾರೂ ತಿದ್ದುವುದಿಲ್ಲ. ಜೊತೆಗೆ ಫೀಸು, ರೂಮು, ಊಟ, ಅಷ್ಟು ದಿನ ಸಂಬಳ ಇಲ್ಲದೆ ಇರುವುದು. ದಿನಗೂಲಿಯ ಮೇಲೆ ನಡೆಯುವ ಮನೆಯ ಹುಡುಗ ಇದನ್ನು ಹೇಗೆ ಮಾಡುತ್ತಾನೆ? ದುಡ್ಡು ಹೊಂದಿಸಲು ಆದರೆ ಖಂಡಿತ ಹೋಗಿ. ಬರಹ ಕಲಿಯಲು ಬೇರೆ ಕಡೆ ನೋಡಬೇಕು.

ಪುಣೆಯ ಹೆಸರು ಬಂದಾಗೆಲ್ಲ ನನಗೆ ಹೆಗ್ಗೋಡು ಹೇಳದೆ ಇರಲಾಗುವುದಿಲ್ಲ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಮ್ ಚಿತ್ರಸಮಾಜ ಶುರು ಮಾಡಿದರು. 1979ರಲ್ಲಿ ಅದೇ ಸತೀಶ್ ಬಹಾದುರ್ ಅವರನ್ನು ಪುಣೆಯಿಂದ ಕರೆಸಿ ಅಲ್ಲೇ ಸಿನಿಮಾ ರಸಗ್ರಹಣ ಶಿಬಿರ ಮಾಡಿಸಿದರು. ಅಡಿಕೆ ತೋಟದ ಊರಿನ ಜನ ಸತ್ಯಜಿತ್ ರೇ, ಕುರೊಸಾವಾ ಸಿನಿಮಾ ನೋಡಿ ಕನ್ನಡದಲ್ಲಿ ಚರ್ಚೆ ಮಾಡಿದರು. ಯಾರೂ ಬರ್ಲಿನ್‌ಗೆ ಹೋಗಬೇಕಾಗಲಿಲ್ಲ, ಇಂಗ್ಲಿಷ್ ಬರಬೇಕಾಗಲಿಲ್ಲ. ಸಿನಿಮಾವೇ ಊರಿಗೆ ಬಂತು, ಮೇಷ್ಟರೂ ಊರಿಗೇ ಬಂದರು. ಹಳ್ಳಿಯವರಿಗೆ ಇವೆಲ್ಲ ಅರ್ಥ ಆಗಲ್ಲ ಅನ್ನುವ ಮಾತನ್ನು ಸುಬ್ಬಣ್ಣ ಅಷ್ಟು ಹಿಂದೆಯೇ ಸುಳ್ಳು ಮಾಡಿ ತೋರಿಸಿದ್ದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಇಷ್ಟು ದೊಡ್ಡ ಮಾದರಿ ಕೈಯಲ್ಲಿದ್ದೂ ಜಿಲ್ಲೆಗೊಂದು ಇಂಥ ಶಿಬಿರ, ಅದರ ಜೊತೆ ಬರೆಯುವುದನ್ನು ಕಲಿಸುವ ಒಂದು ವಾರ, ನಮ್ಮಲ್ಲಿ ಯಾಕೆ ಬೆಳೆಯಲಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ವಾರಾಂತ್ಯದ ಕಾರ್ಯಾಗಾರಗಳ ಬಗ್ಗೆ ಎಚ್ಚರಿಕೆ ಇರಲಿ. ನಾನು ಹೋಗಿದ್ದ ಒಂದು ಕಡೆ ಬೆಳಗ್ಗೆ ಉದ್ಘಾಟನೆ, ದೀಪ, ಶಾಲು, ಹಾರ. ಆಮೇಲೆ ಹಿರಿಯರೊಬ್ಬರು ಎರಡು ಗಂಟೆ ತಮಗೂ ಸ್ಟಾರ್‌ಗಳಿಗೂ ಎಷ್ಟು ಸ್ನೇಹ ಅಂತ ಹೇಳಿದರು. ಊಟ ಚೆನ್ನಾಗಿತ್ತು. ಮಧ್ಯಾಹ್ನ ಸರ್ಟಿಫಿಕೇಟ್, ಗ್ರೂಪ್ ಫೋಟೋ. ಬಂದಿದ್ದ ಹುಡುಗ ಹುಡುಗಿಯರಲ್ಲಿ ಒಬ್ಬರಾದರೂ ಪೆನ್ನು ತೆಗೆದಿರಲಿಲ್ಲ. ದೂರದ ಊರಿನಿಂದ ರಾತ್ರಿ ಬಸ್ಸಿನಲ್ಲಿ ಬಂದವರೂ ಇದ್ದರು, ಅವರ ಬಸ್ ಚಾರ್ಜ್ ಬಗ್ಗೆ ಕೇಳಿದವರಿಲ್ಲ. ಇಂಥವಕ್ಕೆ ಅಂಕ ಕೊಡುವ ಮಾತೇ ಇಲ್ಲ.

ಇನ್ನೊಂದು ಕಡೆ ನಾನು ನೋಡಿದ್ದು ಸಣ್ಣ ಗುಂಪಿನದು, ಕಾಲೇಜಿನ ಒಂದು ರೂಮಿನಲ್ಲಿ, ಬ್ಯಾನರ್ ಕೂಡ ಇರಲಿಲ್ಲ. ಹಿಂದಿನ ರಾತ್ರಿ ಎಲ್ಲರೂ ಒಂದೇ ಸಿನಿಮಾ ನೋಡಿದ್ದರು, ದೊಡ್ಡ ಕೂಡು ಕುಟುಂಬದ ಕಥೆ. ಕೊಪ್ಪಳ ಕಡೆಯ ಹುಡುಗಿಯೊಬ್ಬಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದವಳು, ತನ್ನ ವಿಮರ್ಶೆ ಓದಿದಳು. ಛಾಯಾಗ್ರಹಣ ಕಣ್ಣಿಗೆ ಹಬ್ಬ, ಹಾಡುಗಳು ಗುನುಗುವಂತಿವೆ, ಮೊದಲಾರ್ಧ ವೇಗವಾಗಿ ಸಾಗಿದರೆ ದ್ವಿತೀಯಾರ್ಧ ಕೊಂಚ ಎಳೆದಂತಿದೆ. ನಾವೆಲ್ಲ ಸಾವಿರ ಸಲ ಓದಿರುವ ಸಾಲುಗಳು. ತಿದ್ದಲು ಬಂದಿದ್ದ ಎಡಿಟರ್ ಬೈಯಲಿಲ್ಲ. "ಇದನ್ನು ಸಿನಿಮಾ ನೋಡದೆಯೂ ಬರೆಯಬಹುದಲ್ವಾ?" ಅಂತ ಕೇಳಿದರು. ಆಮೇಲೆ, "ನಿನಗೆ ಎಲ್ಲಿ ಕಿರಿಕಿರಿ ಆಯಿತು, ಅದನ್ನು ಹೇಳು" ಅಂದರು. ಅವಳು ಸುಮಾರು ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದಳು. ಆ ಮನೆಯಲ್ಲಿ ಕೆಲಸಕ್ಕೆ ಬರುವ ಹೆಂಗಸು ಕಾಫಿ ಕುಡಿಯುವುದು ಹಿತ್ತಿಲಲ್ಲಿ. ಅವಳ ಲೋಟ ಕಾಂಪೌಂಡ್ ಗೋಡೆ ಮೇಲೆ ಬೇರೆ ಇಟ್ಟಿರುತ್ತೆ. ನಾಯಕ ಅದರ ಪಕ್ಕದಲ್ಲೇ ನಿಂತು ಫೋನಿನಲ್ಲಿ ಪ್ರೀತಿ ಮಾತಾಡುತ್ತಾನೆ. ಸಿನಿಮಾ ಆ ಲೋಟವನ್ನು ಒಂದು ಸಲವೂ ಗಮನಿಸುವುದಿಲ್ಲ, ಇಡೀ ಮನೆಯನ್ನು ಮಾತ್ರ ಒಳ್ಳೆಯವರ ಮನೆ ಅಂತ ತೋರಿಸುತ್ತೆ. "ನಮ್ಮಜ್ಜಿಗೂ ಹಂಗೇ ಲೋಟ ಇಟ್ಟಿದ್ರು" ಅಂದಳು.

ರೂಮಿನಲ್ಲಿದ್ದ ಉಳಿದ ಯಾರೂ ಆ ಲೋಟ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಎಡಿಟರ್ ಅದನ್ನೇ ಮೊದಲ ಪ್ಯಾರಾ ಮಾಡಲು ಹೇಳಿದರು. ಅವಳು ಬರೆದು ತಂದಳು. ಅದರಲ್ಲಿ ಅಮಾನವೀಯ, ಅಕ್ಷಮ್ಯ ಅಂತೆಲ್ಲ ದೊಡ್ಡ ಪದಗಳಿದ್ದವು, ಎಡಿಟರ್ ಅವನ್ನು ಹೊಡೆದುಹಾಕಿದರು. ಗೋಡೆ ಮೇಲಿನ ಲೋಟ, ಪಕ್ಕದಲ್ಲಿ ನಾಯಕ, ಇಷ್ಟು ಬರೆದರೆ ಓದುವವರಿಗೆ ತಾಗುತ್ತೆ ಅಂದರು. ಆಮೇಲೆ ಶಾಟ್ ಎಷ್ಟು ಹೊತ್ತಿನದು, ಲೋಟ ಫ್ರೇಮಿನ ಯಾವ ಮೂಲೆಯಲ್ಲಿದೆ, ನಿರ್ದೇಶಕರು ಬೇಕಂತಲೇ ಇಟ್ಟಿದ್ದಾ ಅಥವಾ ಆರ್ಟ್ ಡಿಪಾರ್ಟ್‌ಮೆಂಟ್‌ನವರ ಅಭ್ಯಾಸವಾ ಅಂತ ಕೇಳಿದರು. ಬೇಕಂತಲೇ ಇಟ್ಟಿದ್ದರೆ ವಿಮರ್ಶೆಯ ದಿಕ್ಕೇ ಬೇರೆ ಆಗುತ್ತೆ, ಅದಕ್ಕೇ ಇನ್ನೊಂದು ಸಲ ಸಿನಿಮಾ ನೋಡಿ ಬಾ ಅಂದರು. ನೋಡಿಬಂದಳು. ಮೂರನೇ ಸಲ ಬರೆದದ್ದು ಪ್ರಕಟವಾಯಿತು, ದುಡ್ಡೂ ಬಂತು. ಜಾಸ್ತಿ ದುಡ್ಡಲ್ಲ, ಆದರೆ ಅವಳ ಅಕೌಂಟಿಗೆ ಬಂತು. ಈ ಕಾರ್ಯಾಗಾರಕ್ಕೆ ನನ್ನ ಕಡೆಯಿಂದ ಐದಕ್ಕೆ ಐದು. ಅಲ್ಲಿದ್ದದ್ದು ಒಬ್ಬ ಎಡಿಟರ್, ಒಂದು ರೂಮು, ಬಸ್ ಚಾರ್ಜ್, ಪ್ರಕಟಿಸಲು ಒಪ್ಪಿಕೊಂಡ ಒಂದು ಜಾಗ. ಅಷ್ಟೇ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಆ ಹುಡುಗಿಯನ್ನು ಇನ್ನು ಮುಂದೆ ಲೋಟದ ಬಗ್ಗೆ ಮಾತ್ರ ಬರೆ ಅಂತ ಕೂರಿಸಿದರೆ ಅದೂ ಅನ್ಯಾಯವೇ. ಇದು ಹೊರದೇಶದ ಕಾರ್ಯಕ್ರಮಗಳಲ್ಲೂ ಇರುವ ಕಾಯಿಲೆ, ಕಪ್ಪು ವಿಮರ್ಶಕರಿಗೆ ಕಪ್ಪು ಜನರ ಸಿನಿಮಾ, ಹೆಂಗಸರಿಗೆ ಹೆಂಗಸರ ಸಿನಿಮಾ. ನಮ್ಮಲ್ಲಿ ದಲಿತರ ಬದುಕನ್ನು ತೆರೆಗೆ ತರುವ ನಿರ್ದೇಶಕರಾದ ಪಾ. ರಂಜಿತ್ ಅವರದ್ದೋ ನಾಗರಾಜ ಮಂಜುಳೆ ಅವರದ್ದೋ ಸಿನಿಮಾ ಬಂದಾಗ ಮಾತ್ರ ದಲಿತ ಬರಹಗಾರರ ಫೋನ್ ರಿಂಗ್ ಆಗುತ್ತೆ. ಉಳಿದ ವಾರಗಳಲ್ಲಿ ಅವರಿಗೆ ಅಭಿಪ್ರಾಯವೇ ಇಲ್ಲವಾ? ಗ್ರಾಫಿಕ್ಸ್ ತುಂಬಿದ ಆ್ಯಕ್ಷನ್ ಸಿನಿಮಾ, ಹಾರರ್, ಜಪಾನಿನ ಹಳೇ ಕ್ಲಾಸಿಕ್, ಎಲ್ಲದರ ಬಗ್ಗೆಯೂ ಅವರು ಬರೆಯಬೇಕು. ಒಳ್ಳೆಯ ತರಬೇತಿ ಹೌದೋ ಅಲ್ಲವೋ ತಿಳಿಯಲು ಅವರು ಯಾರಿಗೆ ಯಾವ ಸಿನಿಮಾ ಕೊಟ್ಟು ಬರೆಸುತ್ತಾರೆ ಅಂತ ನೋಡಿ.

ಹಾಗಂತ ನಮ್ಮವರದೇ ಜಾಗ ಬೇಡ ಅಂತಲ್ಲ. ಚೆನ್ನೈನಲ್ಲಿ ರಂಜಿತ್ ಅವರ ನೀಲಂ ಕಲ್ಚರಲ್ ಸೆಂಟರ್ ಏಪ್ರಿಲ್‌ನ ದಲಿತ ಇತಿಹಾಸ ತಿಂಗಳ ಕಾರ್ಯಕ್ರಮಗಳಲ್ಲಿ ಪಿ.ಕೆ. ರೋಸಿ ಚಿತ್ರೋತ್ಸವ ನಡೆಸುತ್ತೆ. ರೋಸಿ ಮಲಯಾಳಂ ಸಿನಿಮಾದ ಮೊದಲ ನಾಯಕಿ. ದಲಿತ ಹೆಂಗಸು ನಾಯರ್ ಹೆಂಗಸಿನ ಪಾತ್ರ ಮಾಡಿದ್ದಕ್ಕೆ ಊರನ್ನೇ ಬಿಟ್ಟು ಓಡಬೇಕಾಯಿತು. ಅಲ್ಲಿ ಕಾಪಿ ತಿದ್ದುವವರು ಸಿಗುವುದಿಲ್ಲ, ಅದು ತರಬೇತಿಯೂ ಅಲ್ಲ. ಆದರೆ ಸಿನಿಮಾ ಆದಮೇಲೆ ನಡೆಯುವ ಮಾತುಕತೆ ಕೇಳಬೇಕು. ಬೆಂಗಳೂರಿನಿಂದ ರೈಲಿನಲ್ಲಿ ಹೋಗಿಬರುವ ದೂರ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲೂ ವಿದ್ಯಾರ್ಥಿಗಳಿಗೆ ಪಾಸ್ ದರದಲ್ಲಿ ರಿಯಾಯಿತಿ ಇರುತ್ತೆ. ನಾಲ್ಕು ಜನ ಸೇರಿ ರೂಮ್ ಮಾಡಿಕೊಂಡು, ದಿನಕ್ಕೆ ಎರಡು ಸಿನಿಮಾ ಮಾತ್ರ ನೋಡಿ, ಎರಡರ ಬಗ್ಗೆಯೂ ಅದೇ ರಾತ್ರಿ ಬರೆದು ಒಬ್ಬರದನ್ನೊಬ್ಬರು ತಿದ್ದಿಕೊಳ್ಳಿ. ಐದು ಸಿನಿಮಾ ನೋಡಿ ಒಂದನ್ನೂ ಬರೆಯದೆ ಮಲಗುವುದಕ್ಕಿಂತ ಇದು ಎಷ್ಟೋ ವಾಸಿ.

ನಿಧಾನವಾಗಿ, ವರ್ಷಗಟ್ಟಲೆ ಕಲಿಸಿದರೆ ಏನಾಗುತ್ತೆ ಅನ್ನುವುದಕ್ಕೆ ಉತ್ತರ ಪ್ರದೇಶದ ಖಬರ್ ಲಹರಿಯಾ ಇದೆ. ಸಿನಿಮಾ ಪತ್ರಿಕೆ ಅಲ್ಲ, ಆದರೂ ಇಲ್ಲಿ ಹೇಳಬೇಕಾದ್ದೇ. 2002ರಲ್ಲಿ ಚಿತ್ರಕೂಟದಲ್ಲಿ ಬುಂದೇಲಿ ಭಾಷೆಯಲ್ಲಿ ಶುರುವಾಯಿತು. ಹಳ್ಳಿಯ ಹೆಂಗಸರು, ಅದರಲ್ಲೂ ದಲಿತ ಹೆಂಗಸರು, ಶಾಲೆ ಹೆಚ್ಚು ನೋಡದವರೂ ಸೇರಿ, ವರದಿ ಮಾಡುವುದನ್ನು, ಬರೆಯುವುದನ್ನು, ಆಮೇಲೆ ಮೊಬೈಲಿನಲ್ಲಿ ವಿಡಿಯೊ ಮಾಡುವುದನ್ನು ಕಲಿತರು. 2009ರಲ್ಲಿ ಯುನೆಸ್ಕೊದ ಸಾಕ್ಷರತೆ ಪ್ರಶಸ್ತಿ ಬಂತು. ಅವರ ಮೇಲೆ ಮಾಡಿದ ಸಾಕ್ಷ್ಯಚಿತ್ರ 2022ರ ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ಅಲ್ಲಿ ಕಲಿಸಿದ್ದು ಅವರ ಸ್ವಂತ ಭಾಷೆಯಲ್ಲಿ, ಅವರ ಸ್ವಂತ ಊರಿನಲ್ಲಿ, ಪ್ರತಿ ಸಂಚಿಕೆಯ ಕೆಲಸ ಮಾಡಿಸುತ್ತಲೇ. ಕನ್ನಡದ ಸಿನಿಮಾ ಬರಹಕ್ಕೆ ಬೇಕಾಗಿರುವುದು ಇದೇ.

ನಮ್ಮ ಸರ್ಕಾರದ ಕಡೆಯಿಂದ ಏನೂ ಇಲ್ಲವೇ ಇಲ್ಲ ಅಂತ ಹೇಳಲಾಗದು. ವಾರ್ತಾ ಇಲಾಖೆ, ಮಾಧ್ಯಮ ಅಕಾಡೆಮಿ ಪರಿಶಿಷ್ಟ ಜಾತಿ ಪಂಗಡದ ಪತ್ರಿಕೋದ್ಯಮ ಪದವೀಧರರಿಗೆ ಸ್ಟೈಪೆಂಡ್ ಕೊಟ್ಟು ತರಬೇತಿಗೆ ಅರ್ಜಿ ಕರೆಯುತ್ತವೆ. ಪ್ರಕಟಣೆ ಬಂದಾಗ ಬಿಡಬೇಡಿ, ತಿಂಗಳಿಗೆ ಕೈಗೆ ಬರುವ ದುಡ್ಡು ಕಲಿಯುವವರಿಗೆ ದೊಡ್ಡ ಆಸರೆ. ಆದರೆ ಅದರಲ್ಲಿ ಸಿನಿಮಾಗೆ ಅಂತ ಬೇರೆ ಜಾಗ ಇಲ್ಲ. 2009ರಿಂದ ಚಲನಚಿತ್ರ ಅಕಾಡೆಮಿ ಇದೆ, ಬೆಂಗಳೂರಿನ ಚಿತ್ರೋತ್ಸವದ ಕೆಲಸವೂ ಅದರದ್ದೇ. ಉತ್ಸವದ ಒಂದು ವಾರ ಎಂಟು ಜನ ಕನ್ನಡದ ಹೊಸ ಬರಹಗಾರರನ್ನು, ರಾಯಚೂರು, ಬೀದರ್, ಚಾಮರಾಜನಗರದಿಂದ ಕರೆಸಿ, ಉಳಿಯಲು ವ್ಯವಸ್ಥೆ ಮಾಡಿ, ಇಬ್ಬರು ಒಳ್ಳೆಯ ಎಡಿಟರ್‌ಗಳನ್ನು ಜೊತೆ ಕೂರಿಸಿ, ದಿನಕ್ಕೊಂದು ವಿಮರ್ಶೆ ಕನ್ನಡದಲ್ಲಿ ಪ್ರಕಟಿಸಿದರೆ ಸಾಕು. ಉತ್ಸವದ ಒಟ್ಟು ಖರ್ಚಿನ ಎದುರು ಇದು ಲೆಕ್ಕಕ್ಕೇ ಬರುವುದಿಲ್ಲ. ಯಾರಾದರೂ ಅಲ್ಲಿರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚನೆ ಮಾಡಿ, ಎಡಿಟ್ ಮಾಡಲು ನಾನು ಬರುತ್ತೇನೆ, ಸಂಭಾವನೆ ಬೇಡ.

ಅರ್ಜಿ ಹಾಕುವವರಿಗೆ ಕೆಲವು ಮಾತು. ಮಾದರಿ ಬರಹ ಅಂತ ಕೇಳಿದಾಗ ಹೊಗಳಿ ಬರೆದದ್ದನ್ನು ಮಾತ್ರ ಕಳಿಸಬೇಡಿ, ನಿಮಗೆ ಇಷ್ಟವಾಗದ ಸಿನಿಮಾ ಬಗ್ಗೆ ಕಾರಣ ಕೊಟ್ಟು ಬರೆದದ್ದು ಒಂದಾದರೂ ಇರಲಿ. ಇಂಗ್ಲಿಷ್ ಬೇಕಾದ ಕಡೆ 'ನನ್ನ ಇಂಗ್ಲಿಷ್ ಸರಿ ಇಲ್ಲ, ಕ್ಷಮಿಸಿ' ಅಂತ ಅರ್ಜಿಯಲ್ಲಿ ಬರೆಯಬೇಡಿ. ಕನ್ನಡದಲ್ಲಿ ಬರೆದದ್ದನ್ನು ನಂಬಿಕೆಯ ಸ್ನೇಹಿತರ ಜೊತೆ ಕೂತು ಇಂಗ್ಲಿಷ್ ಮಾಡಿ, ಮೂಲದ ಲಿಂಕ್ ಕೂಡ ಹಾಕಿ. ಬಡತನದ ಕಥೆ ಉದ್ದಕ್ಕೆ ಬರೆಯುವ ಅಗತ್ಯ ಇಲ್ಲ, ಎರಡು ಸಾಲು ಸಾಕು. ಉಳಿದ ಜಾಗದಲ್ಲಿ ಸಿನಿಮಾ ಬಗ್ಗೆ ಬರೆಯಿರಿ. ಕಾರ್ಯಕ್ರಮದವರಿಗೆ ಮೇಲ್ ಮಾಡಿ ನೇರವಾಗಿ ಕೇಳಿ: ಪ್ರಯಾಣ, ರೂಮು, ಊಟ ಯಾರದ್ದು? ದುಡ್ಡು ಮುಂಚೆ ಕೊಡುತ್ತೀರಾ, ಅಥವಾ ನಾವು ಖರ್ಚು ಮಾಡಿ ಬಿಲ್ ಕೊಟ್ಟಮೇಲೆ ಕೊಡುತ್ತೀರಾ? ಈ ಎರಡನೆಯದು ತುಂಬಾ ಮುಖ್ಯ. ಬಿಲ್ ಕೊಟ್ಟಮೇಲೆ ಕೊಡುತ್ತೇವೆ ಅಂದರೆ ವಿಮಾನದ ಟಿಕೆಟ್‌ಗೆ ಸಾಲ ಮಾಡಬೇಕಾಗುತ್ತೆ. ಕೇಳಲು ಸಂಕೋಚ ಬೇಡ, ಒಳ್ಳೆಯ ಕಾರ್ಯಕ್ರಮದವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಯುರೋಪಿಗೆ ಅಂದರೆ ಷೆಂಗೆನ್ ವೀಸಾ ಬೇಕು, ಶುಲ್ಕ 90 ಯುರೋ, ಜೊತೆಗೆ ಕನಿಷ್ಠ 30,000 ಯುರೋ ಮೊತ್ತದ ಪ್ರಯಾಣ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್. ಅಕೌಂಟಿನಲ್ಲಿ ದುಡ್ಡಿಲ್ಲದಿದ್ದರೆ ಖರ್ಚು ತಾವೇ ನೋಡಿಕೊಳ್ಳುತ್ತೇವೆ ಅನ್ನುವ ಪತ್ರವನ್ನು ಕಾರ್ಯಕ್ರಮದವರಿಂದ ಮೊದಲೇ ಬರೆಸಿಕೊಳ್ಳಿ. ಇದಕ್ಕೆಲ್ಲ ಮುಂಚೆ ಪಾಸ್‌ಪೋರ್ಟ್ ಮಾಡಿಸಿ, ಈಗಲೇ, ಅರ್ಜಿ ಹಾಕುವ ಮೊದಲೇ. ಸಾಮಾನ್ಯ ಪಾಸ್‌ಪೋರ್ಟ್‌ಗೆ 1,500 ರೂಪಾಯಿ. ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡ್‌ನಲ್ಲಿ ಇನ್ನೊಂದು ಹೆಸರು ಇರುವುದು ನಮ್ಮ ಕಡೆ ಮಾಮೂಲಿ. ಅದನ್ನು ಸರಿ ಮಾಡಿಸಲು ತಿಂಗಳುಗಳೇ ಹಿಡಿಯಬಹುದು, ಆಯ್ಕೆಯಾದ ಪತ್ರ ಕೈಗೆ ಬಂದಮೇಲೆ ಅಷ್ಟು ಸಮಯ ಇರುವುದಿಲ್ಲ.